ಟವೆಲ್ ಎಸೆಯುವವರು ಯಾರು?



ಈ ದತ್ತಿ ಉಪನ್ಯಾಸದ ಆಶಯ ‘ಕ್ರೀಡೆ ಮತ್ತು ಆರೋಗ್ಯ’. ಈ ಮಾತು ಕಿವಿಗೆ ಬಿದ್ದೊಡನೆ, ದಿನಾ ಆಡಿದರೆ ಮೈಗೆ ಎಷ್ಟು ಒಳ್ಳೆಯದು ಎಂಬ ಉಪದೇಶ ಕೇಳಲು ನಾವೆಲ್ಲ ಸಿದ್ಧರಾಗಿ ಕೂರುತ್ತೇವೆ. ನಾನು ಆರಿಸಿಕೊಂಡಿರುವುದು ಅದರ ಇನ್ನೊಂದು ಮಗ್ಗುಲು. ಆಟ ತನ್ನನ್ನು ತಿಂದುಹಾಕುತ್ತಿದೆ ಎಂದು ಡಾಕ್ಟರು ಹೇಳಿದ್ದಾರೆ, ಮನೆಯವರು ಹೇಳಿದ್ದಾರೆ, ಕನ್ನಡಿಯೂ ಹೇಳುತ್ತಿದೆ. ಆದರೂ ಆಟಗಾರ ಬಿಡಲೊಲ್ಲ. ಇದು ಅತ್ಯಂತ ನಿಚ್ಚಳವಾಗಿ ಕಾಣುವುದು ವೃತ್ತಿಪರ ಬಾಕ್ಸಿಂಗ್‌ನಲ್ಲಿ. ವಯಸ್ಸಾದ ಬಾಕ್ಸರುಗಳು ಯಾಕೆ ನಿವೃತ್ತರಾಗಲಾರರು ಎಂಬುದೇ ಇಂದಿನ ವಿಷಯ.

ನಿವೃತ್ತಿ ಎಂದರೆ ನಮಗೆ ಮೊದಲು ನೆನಪಾಗುವುದು ಕ್ರಿಕೆಟ್. 2008ರ ನವೆಂಬರ್‌ನಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ನಡೆಯುತ್ತಿತ್ತು. ಅನಿಲ್ ಕುಂಬ್ಳೆ ಕೈಗೆ ಹನ್ನೊಂದು ಹೊಲಿಗೆ ಬಿದ್ದಿತ್ತು. ಇದೇ ನನ್ನ ಕೊನೆಯ ಟೆಸ್ಟ್ ಎಂದು ಹೇಳಿ ಹೊರಟರು. ಎಲ್ಲರಿಗೂ ಹಾಗೆ ಹೊರಡಲು ಆಗುವುದಿಲ್ಲ, ನಿಜ. ಆದರೆ ಆಟಗಾರ ತಾನಾಗಿ ಹೊರಡದಿದ್ದರೆ ಕ್ರಿಕೆಟ್‌ನಲ್ಲಿ ಆಯ್ಕೆ ಸಮಿತಿ ಇದೆ. ಒಂದು ದಿನ ಪಟ್ಟಿಯಲ್ಲಿ ಹೆಸರಿರುವುದಿಲ್ಲ, ಅಲ್ಲಿಗೆ ಮುಗಿಯಿತು. ಎರಡು ವರ್ಷ ಹೆಚ್ಚು ಆಡಿದ್ದಕ್ಕೆ ತೆರುವ ಬೆಲೆಯೂ ದೊಡ್ಡದಲ್ಲ, ಸರಾಸರಿ ಒಂದಿಷ್ಟು ಇಳಿಯುತ್ತದೆ.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ತಂಡವಿಲ್ಲ, ಆಯ್ಕೆ ಸಮಿತಿಯಿಲ್ಲ, ಲೀಗ್ ಇಲ್ಲ. ಬಾಕ್ಸರ್ ಪಂದ್ಯಕ್ಕೊಂದು ಕರಾರು ಮಾಡಿಕೊಂಡು ದುಡಿಯುವವನು. ಅವನ ಪಂದ್ಯಕ್ಕೆ ದುಡ್ಡು ಹಾಕುವ ಒಬ್ಬ ಪ್ರವರ್ತಕ, ಲೈಸೆನ್ಸ್ ಕೊಡುವ ಒಂದು ರಾಜ್ಯ ಎಲ್ಲಾದರೂ ಸಿಗುವವರೆಗೂ ಅವನು ಬಾಕ್ಸರನೇ.

ಒಂದು ಪಂದ್ಯದ ಮಟ್ಟಿಗೆ ಮಾತ್ರ ಬಾಕ್ಸಿಂಗ್ ಒಳ್ಳೆಯ ಏರ್ಪಾಟು ಮಾಡಿಕೊಂಡಿದೆ. ತನ್ನ ಹುಡುಗ ತೀರಾ ಏಟು ತಿನ್ನುತ್ತಿದ್ದಾನೆ ಅನ್ನಿಸಿದರೆ ಮೂಲೆಯಲ್ಲಿ ನಿಂತ ತರಬೇತುದಾರ ಪಂದ್ಯ ನಿಲ್ಲಿಸಬಹುದು. ಇದಕ್ಕೆ ಟವೆಲ್ ಎಸೆಯುವುದು ಎನ್ನುತ್ತಾರೆ. ಬಾಕ್ಸರನ ಒಪ್ಪಿಗೆ ಬೇಕಿಲ್ಲ. 1975ರಲ್ಲಿ ಮನಿಲಾದಲ್ಲಿ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಹದಿನಾಲ್ಕು ಸುತ್ತು ಹೊಡೆದಾಡಿದ ಮೇಲೆ ಫ್ರೇಜಿಯರ್ ಕಣ್ಣು ಊದಿ ಮುಚ್ಚಿಹೋಗಿತ್ತು. ಅವರು ಇನ್ನೊಂದು ಸುತ್ತಿಗೆ ಹಟ ಹಿಡಿದಿದ್ದರು. ತರಬೇತುದಾರ ಎಡ್ಡಿ ಫಚ್ ಬಿಡಲಿಲ್ಲ. ಏಟು ತಿನ್ನುತ್ತಿರುವವನ ಕೈಯಲ್ಲಿ ನಿಲ್ಲಿಸುವ ತೀರ್ಮಾನ ಬಿಡಬಾರದು ಎಂಬ ವಿವೇಕ ಈ ನಿಯಮದ ಹಿಂದಿದೆ.

ನನ್ನ ವಾದ ಇಷ್ಟೇ. ಒಂದು ಪಂದ್ಯಕ್ಕೆ ಇರುವ ಈ ವಿವೇಕ ಇಡೀ ವೃತ್ತಿಗೆ ಇಲ್ಲ. ಅಲ್ಲಿ ನಿಲ್ಲಿಸುವ ಹೊಣೆಯನ್ನು ಏಟು ತಿಂದವನ ಮೇಲೆಯೇ ಹೊರಿಸಿ, ಅವನು ನಿಲ್ಲಿಸದಿದ್ದಾಗ ‘ಪಾಪ, ಆಸೆ ಬಿಡಲಿಲ್ಲ’ ಎಂದು ಮರುಗುತ್ತೇವೆ. ಇದನ್ನು ನಮಗೆಲ್ಲ ಗೊತ್ತಿರುವ ಒಬ್ಬರ ಕೊನೆಯ ನಾಲ್ಕು ವರ್ಷಗಳಲ್ಲಿ ನೋಡೋಣ.

1977ರ ಸೆಪ್ಟೆಂಬರ್ 29. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಅಲಿಗೆ ಮೂವತ್ತೈದು ವರ್ಷ. ಏಟಿನ ಬಿರುಸಿಗೆ ಹೆಸರಾದ ಅರ್ನಿ ಶೇವರ್ಸ್ ಎದುರು ಹದಿನೈದು ಸುತ್ತು ನಿಂತು ಅಂಕಗಳ ಮೇಲೆ ಗೆದ್ದರು. ಗಾರ್ಡನ್‌ನಲ್ಲಿ ಪಂದ್ಯಗಳನ್ನು ಕುದುರಿಸುತ್ತಿದ್ದ ಟೆಡ್ಡಿ ಬ್ರೆನರ್, ಅಲಿಗೆ ಇನ್ನು ಇಲ್ಲಿ ಪಂದ್ಯ ಕೊಡುವುದಿಲ್ಲ ಎಂದುಬಿಟ್ಟರು. ವರ್ಷಗಳಿಂದ ಅಲಿಯ ಮೂಲೆಯಲ್ಲಿದ್ದ ಡಾಕ್ಟರ್ ಫರ್ಡಿ ಪಚೇಕೊ ಕೈಗೆ ಪ್ರಯೋಗಾಲಯದ ವರದಿ ಬಂತು. ಮೂತ್ರಪಿಂಡಗಳು ಪೆಟ್ಟು ತಿಂದಿದ್ದವು. ಅವರು ಅದನ್ನು ಅಲಿಗೆ, ಅಲಿಯ ಪತ್ನಿಗೆ, ಮ್ಯಾನೇಜರ್ ಹರ್ಬರ್ಟ್ ಮುಹಮ್ಮದರಿಗೆ ಕಳಿಸಿದರು. ಯಾರಿಂದಲೂ ಉತ್ತರ ಬರಲಿಲ್ಲ. ಪಚೇಕೊ ಬಿಟ್ಟು ಹೊರಟರು.

1978ರಲ್ಲಿ ಅಲಿ ಲಿಯಾನ್ ಸ್ಪಿಂಕ್ಸ್‌ಗೆ ಸೋತು, ಏಳು ತಿಂಗಳಲ್ಲಿ ಅವರನ್ನೇ ಸೋಲಿಸಿ, ಹೆವಿವೇಟ್ ಪಟ್ಟವನ್ನು ಮೂರನೇ ಸಲ ಗೆದ್ದ ಮೊದಲಿಗರಾದರು. 1979ರಲ್ಲಿ ನಿವೃತ್ತಿ ಸಾರಿದರು. ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 1980ರ ಆರಂಭದಲ್ಲಿ ಅವರು ಭಾರತಕ್ಕೂ ಬಂದಿದ್ದರು. ದೆಹಲಿಯಲ್ಲಿ ನಮ್ಮ ಸೇನೆಯ ಬಾಕ್ಸರ್ ಕೌರ್ ಸಿಂಗ್ ಜೊತೆ ಪ್ರದರ್ಶನ ಪಂದ್ಯ ಆಡಿದರು. ಈ ಪ್ರವಾಸದಲ್ಲಿರುವಾಗಲೇ ಅಮೆರಿಕದ ಅಧ್ಯಕ್ಷ ಕಾರ್ಟರ್ ಅಲಿಯನ್ನು ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕಾರಕ್ಕೆ ಬೆಂಬಲ ಕೂಡಿಸಲು ಆಫ್ರಿಕಾಕ್ಕೆ ಕಳಿಸಿದರು. ಅಂದರೆ ನಿವೃತ್ತ ಅಲಿಗೆ ಮಾಡಲು ಕೆಲಸವಿರಲಿಲ್ಲ, ಮರ್ಯಾದೆಯಿರಲಿಲ್ಲ ಎನ್ನುವಂತಿಲ್ಲ. ಆದರೂ ಅದೇ ವರ್ಷ ಅವರು ರಿಂಗಿಗೆ ಮರಳಿದರು. ಎದುರಾಳಿ ಲ್ಯಾರಿ ಹೋಮ್ಸ್, ಹಿಂದೆ ಅಲಿಯ ಶಿಬಿರದಲ್ಲೇ ಅಭ್ಯಾಸದ ಜೊತೆಗಾರನಾಗಿದ್ದವರು. ಅಲಿಗೆ ಗೊತ್ತಾದ ಸಂಭಾವನೆ 80 ಲಕ್ಷ ಡಾಲರ್.

ಪಂದ್ಯಕ್ಕೆ ಮುಂಚೆ, ಜುಲೈನಲ್ಲಿ, ಮೇಯೊ ಕ್ಲಿನಿಕ್‌ನಲ್ಲಿ ಅವರ ಪರೀಕ್ಷೆ ನಡೆಯಿತು. ಆ ವರದಿಯಲ್ಲಿ ಬರೆದಿದ್ದನ್ನು ಗಮನಿಸಿ. ಒಂದೇ ಕಾಲಿನಲ್ಲಿ ಕುಪ್ಪಳಿಸಲು ಹೇಳಿದಾಗ ಇರಬೇಕಾದಷ್ಟು ಚುರುಕು ಕಾಣಲಿಲ್ಲ. ಬೆರಳಿನಿಂದ ಮೂಗಿನ ತುದಿ ಮುಟ್ಟಲು ಹೇಳಿದಾಗ ಗುರಿ ತುಸು ತಪ್ಪಿತು. ಮಾತಿನಲ್ಲಿ ಸ್ವಲ್ಪ ತೊಡಕಿತ್ತು. ಇಷ್ಟೆಲ್ಲ ಬರೆದ ಮೇಲೆ ತೀರ್ಮಾನ: ಹೋರಾಡಬಾರದು ಎನ್ನಲು ನಿರ್ದಿಷ್ಟ ಕಾರಣವೇನೂ ಇಲ್ಲ. ಕಾಲು, ಬೆರಳು, ನಾಲಿಗೆ, ಮೂರೂ ಬೇರೆ ಮಾತು ಹೇಳುತ್ತಿದ್ದವು. ಪಂದ್ಯ ನಡೆಯಬೇಕಿದ್ದ ನೆವಾಡಾ ರಾಜ್ಯ ಲೈಸೆನ್ಸ್ ಕೊಟ್ಟಿತು.

ತೂಕ ಇಳಿಸಲು ಇನ್ನೊಬ್ಬ ವೈದ್ಯರು ಥೈರಾಯ್ಡ್ ಮಾತ್ರೆ ಕೊಟ್ಟರು. ಅಲಿ ಅದನ್ನು ಹೇಳಿದ್ದಕ್ಕಿಂತ ಹೆಚ್ಚು ನುಂಗಿದರು. ನರೆತ ಕೂದಲಿಗೆ ಕಪ್ಪು ಬಣ್ಣ ಹಚ್ಚಿಸಿಕೊಂಡರು. ತಕ್ಕಡಿಯಲ್ಲಿ 217.5 ಪೌಂಡ್ ಬಂತು, 1974ರಲ್ಲಿ ಜೈರ್‌ನಲ್ಲಿ ಜಾರ್ಜ್ ಫೋರ್ಮನ್‌ರನ್ನು ಮಣಿಸಿದಾಗ ಇದ್ದಷ್ಟೇ ತೂಕ ಹೆಚ್ಚೂಕಮ್ಮಿ. ನೋಡಿದವರು ಹಳೆಯ ಅಲಿ ಬಂದ ಅಂದರು. ಆದರೆ ಆ ಮಾತ್ರೆ ಕೊಬ್ಬನ್ನು ಕರಗಿಸಿದಂತೆ ಕಸುವನ್ನೂ ಕರಗಿಸಿತ್ತು.

ಅಕ್ಟೋಬರ್ 2, ಲಾಸ್ ವೇಗಸ್. ಹತ್ತು ಸುತ್ತುಗಳಲ್ಲಿ ಒಂದನ್ನೂ ಯಾವ ತೀರ್ಪುಗಾರರೂ ಅಲಿಗೆ ಕೊಡಲಿಲ್ಲ. ಕೊನೆಕೊನೆಗೆ ಹೋಮ್ಸ್ ಹೊಡೆಯಲು ಹಿಂಜರಿಯುತ್ತಿದ್ದರು. ಹತ್ತನೆಯ ಸುತ್ತು ಮುಗಿದಾಗ ತರಬೇತುದಾರ ಏಂಜೆಲೊ ಡಂಡಿ ಸಾಕು ಎಂದರು. ಅಲಿಯ ಹಳೆಯ ಒಡನಾಡಿ ಡ್ರೂ ಬಂಡಿನಿ ಬ್ರೌನ್, ಇನ್ನೊಂದೇ ಸುತ್ತು ಎಂದು ಡಂಡಿಯ ಸ್ವೆಟರ್ ಹಿಡಿದು ಜಗ್ಗಿದರು. ಇಲ್ಲಿ ಮುಖ್ಯಸ್ಥ ನಾನು, ಪಂದ್ಯ ಮುಗಿಯಿತು ಎಂದು ಡಂಡಿ ಖಂಡಿತವಾಗಿ ಹೇಳಿದರು. ಅಲಿ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. ಪಂದ್ಯದ ಬಳಿಕ ಹೋಮ್ಸ್ ಕಣ್ಣೀರಿಟ್ಟರು.

ಇಷ್ಟಾದ ಮೇಲೂ ನಿಲ್ಲಲಿಲ್ಲ. ನೆವಾಡಾದ ಅಧಿಕಾರಿಗಳು ವಿಚಾರಣೆಗೆ ಕರೆದಾಗ ಅಲಿ ಅಲ್ಲಿನ ಲೈಸೆನ್ಸನ್ನು ತಾವಾಗಿ ಬಿಟ್ಟುಕೊಟ್ಟರು. 1981ರ ಡಿಸೆಂಬರ್ 11ರಂದು, ನಲವತ್ತು ತುಂಬಲು ಐದು ವಾರ ಇರುವಾಗ, ಬಹಾಮಾಸ್‌ನ ನಸ್ಸೌನಲ್ಲಿ ಟ್ರೆವರ್ ಬರ್ಬಿಕ್ ಎದುರು ಆಡಿ ಅಂಕಗಳ ಮೇಲೆ ಸೋತರು. ಅಲ್ಲಿ ಸುತ್ತು ಶುರುವಾಗಲು ಬಾರಿಸುವ ಗಂಟೆಯೂ ಇರಲಿಲ್ಲ. ಹಸುವಿನ ಕೊರಳ ಗಂಟೆಯೊಂದನ್ನು ತಂದು ಬಾರಿಸಿದರು. 61ನೆಯ ಆ ಪಂದ್ಯವೇ ಕೊನೆಯದು. 1984ರಲ್ಲಿ ವೈದ್ಯರು ಪಾರ್ಕಿನ್ಸನ್ ಲಕ್ಷಣಗಳನ್ನು ಗುರುತಿಸಿದರು. ಆ ಕಾಯಿಲೆಗೆ ಬಾಕ್ಸಿಂಗ್ ಎಷ್ಟರ ಮಟ್ಟಿಗೆ ಕಾರಣ ಎಂಬುದರಲ್ಲಿ ವೈದ್ಯರಿಗೇ ಒಮ್ಮತವಿಲ್ಲ. ಆದರೆ ಆ ಕೊನೆಯ ಪಂದ್ಯಗಳಿಂದ ಒಳ್ಳೆಯದಾಯಿತು ಎಂದವರನ್ನು ನಾನು ಕಂಡಿಲ್ಲ.

ಈ ನಾಲ್ಕು ವರ್ಷಗಳಲ್ಲಿ ಬೇಡ ಎಂದವರೇ ಇರಲಿಲ್ಲವೆಂದಲ್ಲ. ಡಾಕ್ಟರು ಬೇಡ ಎಂದರು, ಇನ್ನೊಬ್ಬ ಡಾಕ್ಟರು ಸಿಕ್ಕರು. ಗಾರ್ಡನ್ ಬಾಗಿಲು ಹಾಕಿತು, ಲಾಸ್ ವೇಗಸ್ ತೆರೆಯಿತು. ಲಾಸ್ ವೇಗಸ್ ಬಾಗಿಲು ಹಾಕಿತು, ನಸ್ಸೌ ತೆರೆಯಿತು. ಪ್ರತಿಯೊಬ್ಬರ ‘ಬೇಡ’ವೂ ಅವರ ಅಂಗಳದವರೆಗೆ ಮಾತ್ರ ನಡೆಯಿತು.

ಹಾಗಾದರೆ ಬಾಕ್ಸರನ ಪಾಲು ಏನೂ ಇಲ್ಲವೇ? ಇದೆ. ಮೊದಲನೆಯದು ದುಡ್ಡು. 1937ರಿಂದ 1949ರವರೆಗೆ ಹೆವಿವೇಟ್ ಚಾಂಪಿಯನ್ ಆಗಿದ್ದ ಜೋ ಲೂಯಿಸ್, ಯುದ್ಧಕಾಲದಲ್ಲಿ ಎರಡು ಪಂದ್ಯಗಳ ಸಂಪಾದನೆಯನ್ನು ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟವರು. ನಿವೃತ್ತರಾದಾಗ ಸರ್ಕಾರಕ್ಕೆ ಐದು ಲಕ್ಷ ಡಾಲರಿಗೂ ಹೆಚ್ಚು ತೆರಿಗೆ ಬಾಕಿ ನಿಂತಿತ್ತು. ಆ ಬಾಕಿಯೇ ಅವರನ್ನು ರಿಂಗಿಗೆ ಎಳೆತಂದಿತು. 1951ರಲ್ಲಿ, ಮೂವತ್ತೇಳರ ಲೂಯಿಸ್‌ರನ್ನು ಇಪ್ಪತ್ತೆಂಟರ ರಾಕಿ ಮಾರ್ಸಿಯಾನೊ ಎಂಟನೆಯ ಸುತ್ತಿನಲ್ಲಿ ಹಗ್ಗದಾಚೆ ಕೆಡವಿದರು. ಗೆದ್ದ ಮಾರ್ಸಿಯಾನೊ ಕೂಡ ಅತ್ತರು.

ಆದರೆ ದುಡ್ಡೇ ಎಲ್ಲ ಅಲ್ಲ. ಷುಗರ್ ರೇ ಲಿಯೊನಾರ್ಡ್‌ಗೆ ದುಡ್ಡಿನ ಬರವಿರಲಿಲ್ಲ. 1982ರಲ್ಲಿ ಕಣ್ಣಿನ ಅಕ್ಷಿಪಟಲ ಕಿತ್ತು ಬಂದು ನಿವೃತ್ತರಾದವರು ಮತ್ತೆ ಮತ್ತೆ ಬಂದರು. ಕೊನೆಯ ಪಂದ್ಯ 1997ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಅದರಲ್ಲೂ ಸೋತರು. ಯಾಕೆಂದು ತಿಳಿಯಲು ಬಾಕ್ಸರನ ದಿನಚರಿಯನ್ನು ನೆನೆಯಿರಿ. ಕತ್ತಲಿರುವಾಗಲೇ ಎದ್ದು ರಸ್ತೆಯಲ್ಲಿ ಓಟ. ಏನು ತಿನ್ನಬೇಕು, ಎಷ್ಟು ತೂಗಬೇಕು, ಎಷ್ಟು ಹೊತ್ತಿಗೆ ಮಲಗಬೇಕು, ಎಲ್ಲವನ್ನೂ ಮುಂದಿನ ಪಂದ್ಯದ ತಾರೀಖು ನಿರ್ಧರಿಸುತ್ತದೆ. ಸುತ್ತ ಹತ್ತಿಪ್ಪತ್ತು ಜನ. ಹದಿನಾಲ್ಕು ಹದಿನೈದರ ಪ್ರಾಯದಿಂದ ಇಷ್ಟೇ ಗೊತ್ತು. ಆ ತಾರೀಖು ಇಲ್ಲವಾದ ದಿನ ಬೆಳಿಗ್ಗೆ ಏಳಲು ಕಾರಣವೇ ಇರುವುದಿಲ್ಲ.

ಎರಡನೆಯದು, ದೇಹ ಆಡುವ ಮೋಸ. ವಯಸ್ಸಾದಂತೆ ಬಾಕ್ಸರನಿಗೆ ಮೊದಲು ಕೈಕೊಡುವುದು ಕಾಲು, ಆಮೇಲೆ ತಪ್ಪಿಸಿಕೊಳ್ಳುವ ಚುರುಕು. ಏಟಿನ ಬಲ ಕೊನೆಯಲ್ಲಿ ಹೋಗುತ್ತದೆ. ಹಾಗಾಗಿ ಜಿಮ್‌ನಲ್ಲಿ ತೂಗುಬಿಟ್ಟ ಚೀಲಕ್ಕೆ ಗುದ್ದಿದಾಗ ಹಳೆಯ ಸದ್ದೇ ಕೇಳುತ್ತದೆ. ಚೀಲ ತಿರುಗಿ ಹೊಡೆಯುವುದಿಲ್ಲವಲ್ಲ! ಮೊದಲು ಒಂದಿಂಚಿನಲ್ಲಿ ತಪ್ಪಿಹೋಗುತ್ತಿದ್ದ ಏಟು ಈಗ ತಲೆಗೇ ಬೀಳುತ್ತಿದೆ ಎಂಬುದು ಅಲ್ಲಿ ತಿಳಿಯದು. ಚುರುಕು ತಗ್ಗಿದಷ್ಟೂ ಏಟು ಹೆಚ್ಚು, ಏಟು ಹೆಚ್ಚಿದಷ್ಟೂ ಚುರುಕು ಕಡಿಮೆ.

ಮೂರನೆಯದು ಮೆದುಳು. ನ್ಯೂಜೆರ್ಸಿಯ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ, ಏಟು ತಿಂದು ತಿಂದು ಕುಡಿದವರಂತೆ ತೂರಾಡುವ, ಮಾತು ತೊದಲುವ ಬಾಕ್ಸರುಗಳ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಜಿಮ್‌ಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಆಗ ವೈದ್ಯಶಾಸ್ತ್ರಕ್ಕೂ ಗೊತ್ತಾಯಿತು. 1969ರಲ್ಲಿ ಬ್ರಿಟನ್ನಿನ ಎ.ಎಚ್. ರಾಬರ್ಟ್ಸ್ 224 ಮಾಜಿ ವೃತ್ತಿಪರ ಬಾಕ್ಸರುಗಳನ್ನು ಪರೀಕ್ಷಿಸಿದಾಗ ಅವರಲ್ಲಿ 37 ಮಂದಿಗೆ, ಅಂದರೆ ಶೇ 17ರಷ್ಟು ಜನರಿಗೆ, ನರಮಂಡಲಕ್ಕೆ ಹಾನಿಯಾಗಿರುವುದು ಕಂಡಿತು. ಹೆಚ್ಚು ವರ್ಷ ಆಡಿದವರಲ್ಲಿ ಹಾನಿಯೂ ಹೆಚ್ಚು. ನೆಲಕ್ಕೆ ಕೆಡವುವ ಏಟಷ್ಟೇ ಅಲ್ಲ, ಅಭ್ಯಾಸದಲ್ಲಿ ದಿನದಿನವೂ ಬೀಳುವ ಸಣ್ಣ ಏಟುಗಳೂ ಲೆಕ್ಕಕ್ಕೆ ಬರುತ್ತವೆ ಎಂಬುದು ಈಗ ಸ್ಪಷ್ಟವಾಗಿದೆ.

ಈ ಕಾಯಿಲೆಗೆ ಎರಡು ಕೆಟ್ಟ ಗುಣಗಳಿವೆ. ಒಂದು, ಬಹುಮಟ್ಟಿಗೆ ಅದು ಕಾಣಿಸಿಕೊಳ್ಳುವುದು ವರ್ಷಗಳ ನಂತರ. ತೀರ್ಮಾನ ತೆಗೆದುಕೊಳ್ಳಬೇಕಾದ ದಿನ ‘ನನಗೇನಾಗಿದೆ, ಚೆನ್ನಾಗಿಯೇ ಇದ್ದೇನಲ್ಲ’ ಅನ್ನಿಸುತ್ತದೆ. ಇನ್ನೊಂದು ಅದಕ್ಕಿಂತ ಕೆಟ್ಟದ್ದು. ಮುಂದೇನಾದೀತು ಎಂದು ಅಳೆದು ತೂಗುವ, ಆಸೆಗೆ ಕಡಿವಾಣ ಹಾಕುವ ಮೆದುಳಿನ ಭಾಗಗಳೂ ಏಟು ತಿನ್ನುತ್ತವೆ. ನಿವೃತ್ತಿಯ ತೀರ್ಮಾನ ಕೈಗೊಳ್ಳಬೇಕಾದ ಅಂಗವೇ ಗಾಯಾಳು. ಅದರ ಕೈಯಲ್ಲೇ ತೀರ್ಪು ಕೇಳುತ್ತೇವೆ.

ಜೆರಿ ಕ್ವಾರಿಯ ಬದುಕು ಇದಕ್ಕೆ ಸಾಕ್ಷಿ. ಅಲಿ, ಫ್ರೇಜಿಯರ್ ಇಬ್ಬರೊಂದಿಗೂ ಎರಡೆರಡು ಸಲ ಆಡಿದವರು. 1983ರಲ್ಲೇ ಪರೀಕ್ಷೆಗಳಲ್ಲಿ ಮೆದುಳಿಗೆ ಹಾನಿಯ ಲಕ್ಷಣ ಕಂಡಿತ್ತು. 1992ರಲ್ಲಿ, ನಲವತ್ತೇಳರ ವಯಸ್ಸಿನಲ್ಲಿ, ಕೊಲರಾಡೊದಲ್ಲಿ ಮತ್ತೆ ರಿಂಗಿಗಿಳಿದರು. ಆ ರಾಜ್ಯದಲ್ಲಿ ಆಗ ಲೈಸೆನ್ಸ್ ಕೊಡುವ ಬಾಕ್ಸಿಂಗ್ ಆಯೋಗವೇ ಇರಲಿಲ್ಲ, ಕೇಳುವವರಿಲ್ಲ. ಆರು ಸುತ್ತು ಏಟು ತಿಂದು ಸೋತಿದ್ದಕ್ಕೆ ಸಿಕ್ಕಿದ್ದು 1,050 ಡಾಲರ್. ಕೆಲವೇ ವರ್ಷಗಳಲ್ಲಿ ಊಟ, ಬಟ್ಟೆಗೂ ಮನೆಯವರ ಕೈ ಬೇಕಾಯಿತು. 1999ರಲ್ಲಿ ತೀರಿಕೊಂಡಾಗ ಅವರಿಗೆ ಐವತ್ತಮೂರು.

ಆದರೆ ಇಷ್ಟು ಕಾರಣಗಳಿದ್ದರೂ, ಆಡಿಸುವವರು ಇಲ್ಲದಿದ್ದರೆ ಆಟ ನಡೆಯುವುದಿಲ್ಲ. ಬೇರೆ ಆಟಗಳಲ್ಲಿ ಇಳಿವಯಸ್ಸಿನ ಆಟಗಾರ ತಂಡಕ್ಕೆ ಹೊರೆ. ಬಾಕ್ಸಿಂಗ್‌ನಲ್ಲಿ ಅವನು ಸರಕು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತೇವಲ್ಲ, ಹಳೆಯ ಚಾಂಪಿಯನ್ನನ ಹೆಸರು ಹಾಗೆ. ಗೆದ್ದರೆ ಪವಾಡ ಎಂದು ಟಿಕೆಟ್ ಮಾರಬಹುದು. ಸೋತರೆ, ಸೋಲಿಸಿದ ಹುಡುಗನ ದಾಖಲೆಯಲ್ಲಿ ಒಂದು ದೊಡ್ಡ ಹೆಸರು ಸೇರುತ್ತದೆ, ಮುಂದೆ ಆ ಹುಡುಗನ ಟಿಕೆಟ್ ಮಾರಬಹುದು. ಹಳೆಯ ಚಾಂಪಿಯನ್ನನ ಮೈಯಲ್ಲಿ ಚುರುಕಿಲ್ಲ, ಹೆಸರಿಗೆ ಮಾತ್ರ ಬೆಲೆಯಿದೆ. ಪ್ರವರ್ತಕನಿಗೆ ಇದಕ್ಕಿಂತ ಅನುಕೂಲದ ಎದುರಾಳಿ ಎಲ್ಲಿ ಸಿಕ್ಕಾನು?

ಅಪರೂಪಕ್ಕೆ ಪವಾಡವೂ ನಡೆಯುತ್ತದೆ. ಹತ್ತು ವರ್ಷ ಧರ್ಮಬೋಧಕರಾಗಿದ್ದು 1987ರಲ್ಲಿ ಮರಳಿದ ಫೋರ್ಮನ್, 1994ರ ನವೆಂಬರ್ 5ರಂದು, ನಲವತ್ತೈದರ ವಯಸ್ಸಿನಲ್ಲಿ, ಇಪ್ಪತ್ತಾರರ ಮೈಕೆಲ್ ಮೂರರ್‌ರನ್ನು ಹತ್ತನೆಯ ಸುತ್ತಿನಲ್ಲಿ ಕೆಡವಿ ಮತ್ತೆ ವಿಶ್ವ ಚಾಂಪಿಯನ್ ಆದರು. ನಾನೂ ಮೆಚ್ಚುವ ಸಾಧನೆ. ಅದರ ಬೆಲೆ ತೆತ್ತವರು ಮಾತ್ರ ಬೇರೆಯವರು. ಆಮೇಲೆ ಮರಳಿ ಬರುವ ಪ್ರತಿಯೊಬ್ಬನಿಗೂ ‘ಜಾರ್ಜ್ ಮಾಡಲಿಲ್ಲವೇ’ ಎನ್ನಲು ಒಂದು ಉದಾಹರಣೆ ಸಿಕ್ಕಿತು. ಅಲಿಯ ಸ್ಥಿತಿಗೆ ಅತ್ತ ಲ್ಯಾರಿ ಹೋಮ್ಸ್ ಕೊನೆಯ ಪಂದ್ಯ ಆಡಿದ್ದು ಯಾವಾಗ ಗೊತ್ತೇ? 2002ರಲ್ಲಿ, ಐವತ್ತೆರಡರ ವಯಸ್ಸಿನಲ್ಲಿ. ಕಣ್ಣಾರೆ ಕಂಡವರಿಗೇ ಪಾಠ ಹತ್ತಲಿಲ್ಲವೆಂದರೆ, ತಿಳಿವಳಿಕೆ ಹೇಳಿ ತಿದ್ದಬಹುದಾದ ಸಂಗತಿ ಇದಲ್ಲ.

ಸರಿಯಾದ ಹೊತ್ತಿಗೆ ಹೊರಟವರೂ ಇದ್ದಾರೆ. ಜೀನ್ ಟನ್ನಿ 1928ರಲ್ಲಿ ಚಾಂಪಿಯನ್ ಆಗಿದ್ದಾಗಲೇ ಬಿಟ್ಟರು; ಮದುವೆ, ಓದು, ವ್ಯವಹಾರ ಕಾಯುತ್ತಿದ್ದವು. ಮಾರ್ವಿನ್ ಹ್ಯಾಗ್ಲರ್ 1987ರಲ್ಲಿ ಲಿಯೊನಾರ್ಡ್‌ಗೆ ವಿವಾದದ ತೀರ್ಪಿನಲ್ಲಿ ಸೋತು, ಇಟಲಿಗೆ ಹೋಗಿ ಸಿನಿಮಾಗಳಲ್ಲಿ ನಟಿಸಿದರು, ತಿರುಗಿ ನೋಡಲಿಲ್ಲ. ಲೆನಾಕ್ಸ್ ಲೂಯಿಸ್ 2004ರಲ್ಲಿ ಪಟ್ಟದಲ್ಲಿರುವಾಗಲೇ ನಿವೃತ್ತರಾದರು. ಇವರಿಗೆಲ್ಲ ಹೋಗಲು ಒಂದು ಜಾಗವಿತ್ತು, ಕೈಯಲ್ಲಿ ಕಾಸಿತ್ತು. ಪುಡಿಗಾಸಿಗೆ ಆಡುವ ಸಾವಿರಾರು ಹುಡುಗರಿಗೆ ಅವೆರಡೂ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ಅಮೆಚೂರ್ ಬಾಕ್ಸಿಂಗ್ ಒಂದು ದಾರಿ ಹಿಡಿದಿದೆ. ಅಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ನಲವತ್ತರ ಗಡಿ. ನಮ್ಮ ಮೇರಿ ಕೋಮ್ 2024ರ ಜನವರಿಯಲ್ಲಿ ಹೇಳಿದ್ದೂ ಇದನ್ನೇ: ಆಡುವ ಹಸಿವು ಇದೆ, ಆದರೆ ನಿಯಮ ಬಿಡುವುದಿಲ್ಲ. ಅವರಿಗೆ ಅನ್ಯಾಯವೆನಿಸಿರಬಹುದು. ಆದರೆ ತೀರ್ಮಾನದ ಭಾರವನ್ನು ಅವರ ಹೆಗಲಿನಿಂದ ಇಳಿಸಿದ್ದು ಆ ನಿಯಮವೇ.

ವೃತ್ತಿಪರ ಬಾಕ್ಸಿಂಗ್‌ಗೆ ಬರೀ ವಯಸ್ಸಿನ ಗಡಿ ಸಾಲದು. ಕೆಲವರು ನಲವತ್ತೈದರಲ್ಲೂ ಗಟ್ಟಿಯಾಗಿರುತ್ತಾರೆ, ಕೆಲವರು ಮೂವತ್ತಕ್ಕೇ ಮುಗಿದಿರುತ್ತಾರೆ. ಆಡಿದ ಸುತ್ತುಗಳ, ತಿಂದ ಏಟುಗಳ ಲೆಕ್ಕವೂ ಬೇಕು. ವೃತ್ತಿಗೆ ಬಂದ ದಿನವೇ ಮೆದುಳಿನ ಸ್ಕ್ಯಾನ್, ನೆನಪಿನ ಪರೀಕ್ಷೆ ಮಾಡಿಸಿ, ಪ್ರತಿವರ್ಷ ಅದರ ಜೊತೆಗೇ ಹೋಲಿಸಿ ನೋಡಬೇಕು. ಒಂದು ಹಂತ ದಾಟಿದ ಮೇಲೆ ‘ಆಡಬಾರದು ಎನ್ನಲು ಕಾರಣವಿಲ್ಲ’ ಎಂಬ ಮೇಯೊ ವರದಿಯ ಧಾಟಿ ಸಾಲದು. ‘ಆಡಬಹುದು’ ಎಂದು ಪ್ರವರ್ತಕನ ಹಂಗಿಲ್ಲದ ವೈದ್ಯರು ಸಹಿ ಹಾಕಬೇಕು.

ಒಂದು ಕಡೆ ಹಾಕಿದ ಬಾಗಿಲು ಎಲ್ಲ ಕಡೆಯೂ ಹಾಕಿರಬೇಕು. ಅಮೆರಿಕ 1996ರಲ್ಲಿ ತಂದ ಕಾನೂನು ಆಯೋಗವಿಲ್ಲದ ರಾಜ್ಯಗಳಲ್ಲಿ ಮೇಲ್ವಿಚಾರಣೆಯಿಲ್ಲದೆ ಪಂದ್ಯ ನಡೆಸುವುದನ್ನು ತಡೆಯಿತು. ಆದರೂ ಸಂದಿಗಳು ಉಳಿದವು. ಕೌಶಲ ಕುಂದಿದೆ ಎಂದು 2005ರಲ್ಲಿ ಇವಾಂಡರ್ ಹೋಲಿಫೀಲ್ಡ್‌ರನ್ನು ನ್ಯೂಯಾರ್ಕ್ ತಡೆಹಿಡಿಯಿತು. ಮರುವರ್ಷ ಟೆಕ್ಸಾಸ್‌ನಲ್ಲಿ ಆಡಿದರು. 2021ರಲ್ಲಿ ಕ್ಯಾಲಿಫೋರ್ನಿಯಾ ಒಪ್ಪದಿದ್ದಾಗ ಪಂದ್ಯವೇ ಫ್ಲಾರಿಡಾಕ್ಕೆ ಹೋಯಿತು. ಐವತ್ತೆಂಟರ ಹೋಲಿಫೀಲ್ಡ್ ಮೊದಲ ಸುತ್ತಿನಲ್ಲೇ ಕುಸಿದರು.

ಇನ್ನೊಂದು ಪಿಂಚಣಿ. ಕ್ಯಾಲಿಫೋರ್ನಿಯಾ 1982ರಿಂದ ಬಾಕ್ಸರುಗಳಿಗೆ ಪಿಂಚಣಿ ನಿಧಿ ನಡೆಸುತ್ತಿದೆ. ಮಾರಿದ ಪ್ರತಿ ಟಿಕೆಟ್ಟಿನಿಂದ ಒಂದಿಷ್ಟು ಸೆಂಟ್ ಆ ನಿಧಿಗೆ ಹೋಗುತ್ತದೆ. ನಿಗದಿತ ಸುತ್ತುಗಳನ್ನು ಅಲ್ಲಿ ಆಡಿದವರು ಐವತ್ತು ದಾಟಿದ ಮೇಲೆ ಪಡೆಯಬಹುದು. ಮೊತ್ತ ದೊಡ್ಡದಲ್ಲ, ಆದರೆ ತತ್ವ ದೊಡ್ಡದು: ಏಟು ನೋಡಿ ಚಪ್ಪಾಳೆ ತಟ್ಟಿದವನು ಆ ಏಟಿನ ಮುಂದಿನ ಖರ್ಚಿನಲ್ಲೂ ಪಾಲು ಕೊಡಬೇಕು.

ಇಲ್ಲಿ ಮಾತು ನಮ್ಮ ಬುಡಕ್ಕೇ ಬರುತ್ತದೆ. 2024ರ ನವೆಂಬರ್ 15ರಂದು ಟೆಕ್ಸಾಸ್‌ನಲ್ಲಿ ಐವತ್ತೆಂಟರ ಮೈಕ್ ಟೈಸನ್, ಇಪ್ಪತ್ತೇಳರ ಜೇಕ್ ಪಾಲ್ ಎದುರು ಇಳಿದರು. ಕೆಲವು ತಿಂಗಳ ಮೊದಲು ಟೈಸನ್‌ಗೆ ಹೊಟ್ಟೆಹುಣ್ಣು ಉಲ್ಬಣಿಸಿ ಪಂದ್ಯ ಮುಂದೆ ಹೋಗಿತ್ತು. ಮೂರು ನಿಮಿಷದ ಸುತ್ತುಗಳನ್ನು ಎರಡು ನಿಮಿಷಕ್ಕೆ ಇಳಿಸಿದರು, ದಪ್ಪ ಗ್ಲವ್ಸ್ ಕೊಟ್ಟರು. ಅಂದರೆ ಈ ವಯಸ್ಸಿನಲ್ಲಿ ಆಡಿಸಬಾರದೆಂದು ಆಡಿಸಿದವರಿಗೂ ಗೊತ್ತಿತ್ತು. ಹತ್ತು ಕೋಟಿಗೂ ಹೆಚ್ಚು ಮಂದಿ ನೇರಪ್ರಸಾರ ನೋಡಿದರೆಂದು ನೆಟ್‌ಫ್ಲಿಕ್ಸ್ ಹೇಳಿಕೊಂಡಿತು. ಅದೇ ರಾತ್ರಿ ಹರಿಯಾಣದ ನೀರಜ್ ಗೋಯತ್ ಕೂಡ ಆ ರಿಂಗಿನಲ್ಲಿ ಆಡಿ ಗೆದ್ದರು. ಇಲ್ಲಿ ಶನಿವಾರದ ಬೆಳಿಗ್ಗೆ; ಕಾಫಿ ಲೋಟ ಹಿಡಿದು ನೋಡಿದವರು ಈ ಸಭೆಯಲ್ಲೂ ಇರಬಹುದು. ನಾನಂತೂ ನೋಡಿದೆ.

ಬಾಕ್ಸಿಂಗ್ ನಿಷೇಧಿಸಿ ಎಂದು ನಾನು ಹೇಳಲಾರೆ. ಬೇರೆ ಬಾಗಿಲು ಕಾಣದ ಎಷ್ಟೋ ಬಡ ಹುಡುಗರಿಗೆ ಅದು ಬಾಗಿಲಾಗಿದೆ. ನಮ್ಮಲ್ಲೂ ವೃತ್ತಿಪರ ಬಾಕ್ಸಿಂಗ್ ಈಗಷ್ಟೇ ಚಿಗುರುತ್ತಿದೆ. ನಿಯಮ ಬರೆಯಲು ಇದೇ ಸಕಾಲ. ದುಡ್ಡು ಹರಿದುಬಂದ ಮೇಲೆ ಯಾರೂ ಬರೆಯಗೊಡುವುದಿಲ್ಲ. ಹುಡುಗ ಮೊದಲ ಕರಾರಿಗೆ ಸಹಿ ಹಾಕುವ ದಿನವೇ, ಅವನನ್ನು ಕೊನೆಗೆ ನಿಲ್ಲಿಸುವ ಅಧಿಕಾರ ಯಾರದ್ದು, ನಿಂತ ಮೇಲೆ ಅವನ ಊಟಕ್ಕೆ ದಾರಿ ಏನು ಎಂಬ ಎರಡು ಕಲಮುಗಳು ಆ ಕಾಗದದಲ್ಲಿರಲಿ. ಇವೆರಡನ್ನೂ ಬರೆಯದೆ ಹುಡುಗನನ್ನು ರಿಂಗಿಗೆ ಕಳಿಸುವವರು, ಇಪ್ಪತ್ತು ವರ್ಷದ ನಂತರ ಅವನ ಹಟವನ್ನು ದೂರುವ ಹಕ್ಕನ್ನು ಅಂದೇ ಕಳೆದುಕೊಂಡಿರುತ್ತಾರೆ.